ಮುಂದಿನ ಸೀಟಿನಲ್ಲಿ ಮನೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸಕೋಟೆ ತಾಲ್ಲೂಕಿನ ಒಂದು ಪೊಲೀಸ್ ಠಾಣೆಯ ಅಂಗಳದಲ್ಲಿ ಹೊಂಗೆ ಎಲೆಗಳನ್ನೆಲ್ಲ ಒಂದು ಮೂಲೆಗೆ ಗುಡಿಸಿ ತಂದ ಗಂಗಲಕ್ಷ್ಮಮ್ಮ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾರೆ. ಗೇಟಿನ ಆಚೆ ಒಬ್ಬ ಹೆಂಗಸು ನಿಂತಿದ್ದಾಳೆ. ಬುರ್ಖಾದ ಅಂಚು ಇಬ್ಬನಿಗೆ ಒದ್ದೆಯಾಗಿದೆ. ಚಪ್ಪಲಿ ಕಳಚಿ ಕಾಂಪೌಂಡಿನ ಗೋಡೆಗೆ ಒತ್ತಿಟ್ಟು, ಬರಿಗಾಲಲ್ಲಿ ನಿಂತಿದ್ದಾಳೆ. ಒಳಗೆ ಬರುವುದೋ, ಬಂದ ದಾರಿಯಲ್ಲೇ ತಿರುಗಿ ಹೋಗುವುದೋ ಇನ್ನೂ ತೀರ್ಮಾನವಾದಂತಿಲ್ಲ.

ಗಂಗಲಕ್ಷ್ಮಮ್ಮ ಪೊರಕೆಯನ್ನು ಮರಕ್ಕೆ ಆನಿಸಿ ಗೇಟಿನ ಹತ್ತಿರ ಹೋಗುತ್ತಾರೆ.

“ಯಾಕಮ್ಮಾ, ಚಪ್ಪಲಿ ಅಲ್ಲಿ ಬಿಟ್ಟೆ? ಇದೇನ್ ದೇವಸ್ಥಾನನಾ?”

“ಹಾಕ್ಕೊಂಡು ಹೋದ್ರೆ ಬೈತಾರೆ ಅಂದ್ರು ಅಮ್ಮಾ.”

“ಯಾರೂ ಬೈಯಲ್ಲ, ಹಾಕ್ಕೋ. ನೆಲ ಒರೆಸೋಳು ನಾನು. ನಂಗಿಲ್ದಿರೋ ಕಷ್ಟ ಅವ್ರಿಗೇನು?”

ಹೆಂಗಸಿನ ಹೆಸರು ಜಾಹಿದಾ. ಬಕ್ರೀದಿಗೆಂದು ಮನೆಯ ಹಿಂದೆ ಕಟ್ಟಿ ಸಾಕಿದ್ದ ಎರಡು ಮೇಕೆಗಳು ಕಾಣೆಯಾಗಿವೆ. ಅದನ್ನು ಹೇಳಲು ಪೊಲೀಸರ ಬಳಿ ಬರುವುದೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಯಾರೂ ನೋಡದ ಹೊತ್ತು ನೋಡಿಕೊಂಡು ಬಂದಿದ್ದಾರೆ. ಗಂಗಲಕ್ಷ್ಮಮ್ಮ ಅವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಒಂದು ಲೋಟ ನೀರು ಕೊಡುತ್ತಾರೆ. ಆಮೇಲೆ ಒಳಗೆ ತಲೆ ಹಾಕಿ, “ಪ್ರಮೋದವ್ವಾ, ಒಬ್ರು ಬಂದವ್ರೆ. ಮೆತ್ತಗೆ ಮಾತಾಡ್ಸು” ಎಂದು ಮಹಿಳಾ ಕಾನ್‌ಸ್ಟೇಬಲ್ ಪ್ರಮೋದಾ ಅವರಿಗೆ ಹೇಳಿ, ಮತ್ತೆ ಪೊರಕೆ ಹಿಡಿಯುತ್ತಾರೆ. ಬೆಳಗಿನ ಕೆಲಸ ಇನ್ನೂ ಅರ್ಧವೂ ಮುಗಿದಿಲ್ಲ.

ಠಾಣೆಯ ಹೆಸರು ಬರೆಯಬಾರದು ಎಂಬುದು ಗಂಗಲಕ್ಷ್ಮಮ್ಮನವರ ಒಂದೇ ಕರಾರು. “ಒಳ್ಳೇದು ಬರೆದ್ರೆ ದೃಷ್ಟಿ ಆಗ್ತದೆ, ಕೆಟ್ಟದ್ದು ಬರೆದ್ರೆ ನನ್ ಕೆಲ್ಸ ಹೋಗ್ತದೆ” ಎಂದು ನಗುತ್ತಾರೆ. ಅರವತ್ತರ ಹತ್ತಿರದ ವಯಸ್ಸು. ಹೊರಗುತ್ತಿಗೆಯ ಕೆಲಸ. ಬೆಳಿಗ್ಗೆ ಅಂಗಳ, ಎರಡು ಕೋಣೆ, ಲಾಕಪ್ಪಿನ ಮುಂದಿನ ಪಡಸಾಲೆ, ಶೌಚಾಲಯ; ಸಂಜೆ ಇನ್ನೊಂದು ಸುತ್ತು. ಠಾಣೆಗೆ ಬಂದು ಹೋದ ಸಬ್ ಇನ್‌ಸ್ಪೆಕ್ಟರುಗಳನ್ನು ಅವರು ಹೆಸರಿನಿಂದ ನೆನಪಿಟ್ಟಿಲ್ಲ, ಗುಣದಿಂದ ನೆನಪಿಟ್ಟಿದ್ದಾರೆ: ಕೂಗಾಡುವ ಸಾಹೇಬರು, ಟೀ ಸಾಹೇಬರು, ಯಾವಾಗಲೂ ವರ್ಗಾವಣೆಗೆ ಓಡಾಡುತ್ತಿದ್ದ ಸಾಹೇಬರು. ಈಗಿನವರು ಅಶೋಕ್. ಅವರಿಗೆ ಇನ್ನೂ ಅಡ್ಡಹೆಸರು ಬಿದ್ದಿಲ್ಲ.

ಈ ಠಾಣೆಯಲ್ಲಿ ಒಂದು ಪದ್ಧತಿ ಇದೆ. ಯಾವ ಸುತ್ತೋಲೆಯಲ್ಲೂ ಇಲ್ಲ, ಯಾವ ಮೇಲಧಿಕಾರಿಯೂ ಹೇಳಿದ್ದಲ್ಲ. ವಿಚಾರಣೆಗೆಂದು ಕರೆತಂದವರದು ತಪ್ಪಿಲ್ಲ ಎಂದು ತಿಳಿದರೆ, ಅವರನ್ನು ಗೇಟಿನ ಹತ್ತಿರ ಬಿಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಕರೆತಂದ ಜೀಪಿನಲ್ಲೇ ಮನೆಗೆ ಬಿಟ್ಟು ಬರುತ್ತಾರೆ. ಅದೂ ಹಗಲಿನಲ್ಲಿ, ಊರವರು ನೋಡುವಾಗ, ಡ್ರೈವರಿನ ಪಕ್ಕದ ಮುಂದಿನ ಸೀಟಿನಲ್ಲಿ ಕೂರಿಸಿ. ಈಗಿರುವುದು ಬೊಲೆರೊ, ಆದರೂ ಊರಿನ ಬಾಯಲ್ಲಿ ಪೊಲೀಸರ ಗಾಡಿ ಎಂದರೆ ಜೀಪೇ. ಈ ಪದ್ಧತಿ ಹುಟ್ಟಿದ್ದು ಕಸ ಗುಡಿಸುವ ಗಂಗಲಕ್ಷ್ಮಮ್ಮನವರ ತಲೆಯಲ್ಲಿ. ಅದು ಅಲ್ಲಿ ಹುಟ್ಟಿದ್ದಕ್ಕೆ ಕಾರಣ ಅವರ ತಮ್ಮ.

ತಮ್ಮನ ಹೆಸರು ನರಸಿಂಹಯ್ಯ. ತಾಯಿ ತೀರಿಕೊಂಡಾಗ ಅವನು ಇನ್ನೂ ಅಂಗಳದಲ್ಲಿ ಮಣ್ಣು ತಿನ್ನುವ ಮಗು. ಅಕ್ಕನೇ ಎತ್ತಿ ಆಡಿಸಿ, ಉಣಿಸಿ, ಸ್ಕೂಲಿಗೆ ಕಳಿಸಿ ದೊಡ್ಡವನನ್ನಾಗಿ ಮಾಡಿದ್ದು. ಅನುಗೊಂಡನಹಳ್ಳಿ ಹೋಬಳಿಯ ಪುಟ್ಟ ಊರು. ಅಕ್ಕ ಮದುವೆಯಾಗಿದ್ದು ಅದೇ ಊರಿನ ದೊಡ್ಡಮುನಿಯಪ್ಪನನ್ನು, ತಮ್ಮನನ್ನು ಬಿಟ್ಟು ದೂರ ಹೋಗಬಾರದೆಂದೇ. ನರಸಿಂಹಯ್ಯ ಸುಟ್ಟ ಬೋರ್‌ವೆಲ್ ಮೋಟರುಗಳಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸ ಕಲಿತು, ಊರಿನ ಬಸ್ಸು ನಿಲ್ಲುವ ಕ್ರಾಸಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟ. ಸುತ್ತಲಿನ ತೋಟಗಳಲ್ಲಿ ಯಾರ ಮೋಟರು ಸುಟ್ಟರೂ ಅವನ ಹೆಸರೇ ಮೊದಲು ಬಾಯಿಗೆ ಬರುತ್ತಿತ್ತು.

ಇಪ್ಪತ್ತು ವರ್ಷದ ಮೇಲಾಯಿತು. ಒಂದು ಬೇಸಿಗೆಯಲ್ಲಿ ತೋಟಗಳಿಂದ ಮೋಟರುಗಳು ಒಂದೊಂದಾಗಿ ಕಳುವಾಗತೊಡಗಿದವು. ತಾಮ್ರಕ್ಕಾಗಿ ಕದಿಯುತ್ತಿದ್ದರು. ತಾಮ್ರ ಯಾರ ಅಂಗಡಿಯಲ್ಲಿ ಇರುತ್ತದೆ? ಮೋಟರು ಎಲ್ಲೆಲ್ಲಿದೆ ಎಂದು ಯಾರಿಗೆ ಗೊತ್ತಿರುತ್ತದೆ? ಸಂತೆಯ ದಿನ, ಕ್ರಾಸಿನಲ್ಲಿ ಜನ ಕಿಕ್ಕಿರಿದಿದ್ದಾಗ, ಜೀಪು ಬಂದು ನಿಂತಿತು. ನರಸಿಂಹಯ್ಯನನ್ನು ಹಿಂದಿನ ಬಾಗಿಲಿನಿಂದ ಹತ್ತಿಸಿ ಕರೆದುಕೊಂಡು ಹೋದರು.

ಗಂಗಲಕ್ಷ್ಮಮ್ಮ ಮುದ್ದೆ, ಸಾರು ಕಟ್ಟಿಕೊಂಡು ಇದೇ ಠಾಣೆಗೆ ಹೋದರು. ಅವರೂ ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಒಳಗೆ ಹೋಗಲು ಧೈರ್ಯವಿಲ್ಲ, ತಿರುಗಿ ಹೋಗಲು ಮನಸ್ಸಿಲ್ಲ. ಬಿಸಿಲೇರಿದ ಮೇಲೆ ಅಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಮುದುಕಿ ಹೊರಗೆ ಬಂದು, ಏನನ್ನೂ ಕೇಳದೆ ಅವರ ಕೈಯಿಂದ ಬುತ್ತಿ ತೆಗೆದುಕೊಂಡು ಒಳಗೆ ಹೋದಳು. ಖಾಲಿ ಪಾತ್ರೆ ತಂದುಕೊಟ್ಟು, “ತಿಂದ ಕಣವ್ವ” ಎಂದಷ್ಟೇ ಹೇಳಿದಳು. ಆ ಒಂದು ಮಾತಿಗೆ ಗಂಗಲಕ್ಷ್ಮಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಮುಂದೆ ಆ ಮುದುಕಿ ಕೆಲಸ ಬಿಟ್ಟಾಗ, ಇವರೇ ಹೋಗಿ ಆ ಕೆಲಸ ಕೇಳಿದರು.

ಕಳ್ಳರು ಸಿಕ್ಕಿದ್ದು ಆಂಧ್ರದ ಗಡಿಯಲ್ಲಿ. ನರಸಿಂಹಯ್ಯನಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. “ಹೋಗಪ್ಪಾ” ಎಂದು ಠಾಣೆಯವರು ಬಿಟ್ಟುಬಿಟ್ಟರು. ಒಳಗೆ ಹೊಡೆದರೋ ಇಲ್ಲವೋ ಅವನು ಇವತ್ತಿನವರೆಗೂ ಅಕ್ಕನಿಗೆ ಹೇಳಿಲ್ಲ.

“ಕರ್ಕೊಂಡು ಹೋಗೋವಾಗ ಜೀಪಲ್ಲಿ ಹೋದ, ಊರೆಲ್ಲ ನೋಡ್ತು. ಬಿಟ್ಟಾಗ ಕತ್ಲಲ್ಲಿ ನಡ್ಕೊಂಡು ಬಂದ, ಒಬ್ರೂ ನೋಡ್ಲಿಲ್ಲ” ಎನ್ನುತ್ತಾರೆ ಗಂಗಲಕ್ಷ್ಮಮ್ಮ. “ಊರೋರ ಕಣ್ಣಲ್ಲಿ ಅವನು ಇನ್ನೂ ಆ ಜೀಪಲ್ಲೇ ಅವ್ನೆ. ಇಳ್ದೇ ಇಲ್ಲ.”

ಯಾರೂ ಅವನನ್ನು ಕಳ್ಳ ಎಂದು ಬಾಯಿಬಿಟ್ಟು ಕರೆಯಲಿಲ್ಲ. ಮೋಟರು ತರುವುದನ್ನು ನಿಲ್ಲಿಸಿದರು, ಅಷ್ಟೆ. ಸುಟ್ಟ ಮೋಟರನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಅವನ ಅಂಗಡಿಯ ಮುಂದೆಯೇ ಹಾದು ಹೊಸಕೋಟೆಗೆ ಒಯ್ಯುತ್ತಿದ್ದರು. ಒಂದು ವರ್ಷ ಸಹಿಸಿಕೊಂಡು, ನರಸಿಂಹಯ್ಯ ಅಂಗಡಿಗೆ ಬೀಗ ಹಾಕಿ ಮಾಲೂರಿಗೆ ಹೋದ. ಅಲ್ಲೇ ಅಂಗಡಿ, ಅಲ್ಲೇ ಮದುವೆ, ಅಲ್ಲೇ ಮಕ್ಕಳು. ದೂರವೇನೂ ಅಲ್ಲ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಆದರೆ ಹೋದವನು ಮತ್ತೆ ಊರಿಗೆ ಕಾಲಿಟ್ಟಿಲ್ಲ. ಪ್ರತಿ ಗೌರಿಹಬ್ಬಕ್ಕೆ ಅಕ್ಕನಿಗೆ ಸೀರೆ, ಬಳೆ, ಅರಿಶಿನ ಕುಂಕುಮ ಯಾರ ಕೈಯಲ್ಲಾದರೂ ತಪ್ಪದೆ ಬರುತ್ತದೆ.

“ಸೀರೆ ಬರ್ತದೆ, ಅವನು ಬರಲ್ಲ. ನಂಗೆ ಸೀರೆ ಯಾಕ್ ಬೇಕು ಹೇಳಿ?” ಎಂದು ಕೇಳಿ ಗಂಗಲಕ್ಷ್ಮಮ್ಮ ಬಕೆಟ್ಟಿಗೆ ಬಗ್ಗುತ್ತಾರೆ. ಅಕ್ಕ ಠಾಣೆಯ ಕೆಲಸಕ್ಕೆ ಸೇರಿದ್ದು ಗೊತ್ತಾದಾಗ ಅವನು ಆರು ತಿಂಗಳು ಫೋನು ಮಾಡಿರಲಿಲ್ಲ. ಮಾಡಿದ ದಿನ ಕೇಳಿದ್ದು ಒಂದೇ ಮಾತು: “ಅಕ್ಕಯ್ಯ, ನನ್ನ ಕೂರಿಸಿದ್ದ ಮೂಲೆಯನ್ನೂ ನೀನೇ ಒರೆಸ್ತೀಯಾ?” ಒರೆಸುತ್ತೇನೆ ಎಂದು ಇವರು ಹೇಳಿದರು. ಸುಳ್ಳು ಹೇಳಿ ಏನು ಮಾಡುವುದು?

ಎರಡು ವರ್ಷದ ಹಿಂದೆ ಅಶೋಕ್ ಬಂದರು. ಹುರುಪಿನ ಮನುಷ್ಯ. ಹಳ್ಳಿ ಹಳ್ಳಿಗಳಲ್ಲಿ ಜನಸಂಪರ್ಕ ಸಭೆ ನಡೆಸಿದರು. ಶಾಮಿಯಾನ, ಬಿಸ್ಕೆಟ್ಟು, ಟೀ ಎಲ್ಲ ಇತ್ತು. ಬಂದವರು ಮಾತ್ರ ಪಂಚಾಯ್ತಿ ಮೆಂಬರುಗಳು ಮತ್ತು ಬಿಸ್ಕೆಟ್ಟಿನ ಆಸೆಗೆ ಸೇರಿದ ಮಕ್ಕಳು. ಒಂದು ಬೆಳಿಗ್ಗೆ ಅವರು ಕೋಣೆ ಒರೆಸುತ್ತಿದ್ದ ಗಂಗಲಕ್ಷ್ಮಮ್ಮನ ಮುಂದೆ ಬೇಸರ ತೋಡಿಕೊಂಡರು: “ಏನ್ ಗಂಗಮ್ಮ, ಈ ಕಡೆ ಜನ ನಮ್ ಮುಖ ನೋಡಿ ಮಾತೇ ಆಡಲ್ವಲ್ಲ?”

“ಕರ್ಕೊಂಡು ಬರೋದು ನಿಮ್ಗೆ ಗೊತ್ತು ಸಾಮಿ. ಬಿಡೋದು ಗೊತ್ತಿಲ್ಲ.”

“ಬಿಡ್ತೀವಲ್ಲ, ತಪ್ಪಿಲ್ಲ ಅಂದ್ರೆ ಅವತ್ತೇ ಗೇಟಿನವರೆಗೂ ಕಳಿಸ್ಕೊಡ್ತೀವಿ.”

“ಗೇಟು ಅವ್ರ ಮನೆ ಅಲ್ವಲ್ಲ.”

ಹೇಳಿ ಮುಗಿಸಿದ ಮೇಲೆ ಕೆಲಸ ಹೋಯಿತು ಎಂದೇ ಅವರು ತಿಳಿದಿದ್ದರಂತೆ. ಅಶೋಕ್ ನರಸಿಂಹಯ್ಯನ ಕಥೆಯನ್ನು ಪೂರ್ತಿ ಕೇಳಿ, ಇನ್ನು ಮೇಲೆ ತಪ್ಪಿಲ್ಲದವರನ್ನು ಜೀಪಿನಲ್ಲೇ ಮನೆಗೆ ಬಿಟ್ಟು ಬರೋಣ ಎಂದರು. ಹೆಡ್ ಕಾನ್‌ಸ್ಟೇಬಲ್ ಸುನಿಲ್‌ಕುಮಾರ್‌ಗೆ ಮಾತ್ರ ಇದು ಸರಿಬರಲಿಲ್ಲ. “ಪೊಲೀಸರೇ ಹೋಗಿ ತಪ್ಪಾಯ್ತು ಅಂದ್ರೆ ನಾಳೆ ಯಾರು ಸಾರ್ ಹೆದರ್ತಾರೆ?” ಎಂದರು. ಅದಕ್ಕೂ ಗಂಗಲಕ್ಷ್ಮಮ್ಮನೇ ದಾರಿ ತೋರಿಸಿದರು: ನಮ್ಮದು ತಪ್ಪಾಯ್ತು ಎನ್ನಬೇಡಿ, ಅವರದು ತಪ್ಪಿಲ್ಲ ಎನ್ನಿ, ಸಾಕು.

ಮೊದಲ ಸಲ ನಡೆದದ್ದನ್ನು ಠಾಣೆಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಒಬ್ಬ ಟ್ರ್ಯಾಕ್ಟರ್ ಡ್ರೈವರನ್ನು ಬಿಡಲು ಜೀಪು ಹೊರಟಿತು. ರಾಗಿ ಹೊಲ ಕಾಣುತ್ತಲೇ ಆತ, “ಇಲ್ಲೇ ಇಳಿಸ್ಬಿಡಿ ಸಾರ್, ನಿಮ್ ದಮ್ಮಯ್ಯ” ಎಂದು ಗೋಗರೆದ. ಬಿಡಲಿಲ್ಲ. ಜೀಪು ಊರೊಳಗೆ ನುಗ್ಗಿದ್ದೇ ತಡ, ಗಂಡಸರು ನೀಲಗಿರಿ ತೋಪಿಗೆ ಓಡಿದರು, ಹೆಂಗಸರು ಬಾಗಿಲು ಹಾಕಿಕೊಂಡರು. ಮನೆ ಜಪ್ತಿಗೇ ಬಂದರು ಎಂದುಕೊಂಡ ಡ್ರೈವರಿನ ಹೆಂಡತಿ ಹೊಸ ಮಿಕ್ಸಿಯನ್ನು ರಾಗಿ ಮೂಟೆಗಳ ಹಿಂದೆ ಬಚ್ಚಿಟ್ಟಳು. “ಇವ್ರದ್ದು ತಪ್ಪಿಲ್ಲ” ಎಂದು ಪೊಲೀಸರು ಹೇಳಿದ್ದನ್ನು ಕೇಳಿಸಿಕೊಳ್ಳಲು ಬೀದಿಯಲ್ಲಿ ಉಳಿದಿದ್ದುದು ಒಂದು ನಾಯಿ ಮಾತ್ರ.

ಅಲ್ಲಿಂದ ಗಂಗಲಕ್ಷ್ಮಮ್ಮನೂ ಜೀಪು ಹತ್ತತೊಡಗಿದರು. ಹೋಗುವ ಹೊತ್ತನ್ನು ಅವರೇ ಗೊತ್ತುಮಾಡುತ್ತಾರೆ: ಸಂಜೆ ಡೇರಿಯಲ್ಲಿ ಹಾಲು ಅಳೆಯುವ ಹೊತ್ತು. ಆಗ ಮನೆಗೊಬ್ಬರಂತೆ ಇಡೀ ಊರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತದೆ. ಹಾಲು ಅಳೆಸದೆ ಯಾರೂ ಓಡಿಹೋಗುವ ಹಾಗಿಲ್ಲ. ಜೀಪು ನಿಂತ ಕೂಡಲೇ ಮೊದಲು ಇಳಿಯುವವರು ಇವರು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಹೆಂಗಸು ಪೊಲೀಸ್ ಜೀಪಿನಿಂದ ಇಳಿದು “ಏನ್ರವ್ವಾ, ಇವತ್ತು ಡಿಗ್ರಿ ಎಷ್ಟು ಬಂತು?” ಎಂದು ಹಾಲಿನ ಗಟ್ಟಿತನದ ವಿಚಾರ ಕೇಳಿದರೆ, ಯಾರಿಗೆ ತಾನೇ ಭಯವಾಗುತ್ತದೆ?

ಈಚಿನ ಒಂದು ಸಂಜೆ ಮುಂದಿನ ಸೀಟಿನಲ್ಲಿ ಕೂತವನು ಬೈರೇಶ್, ಗಂಗಲಕ್ಷ್ಮಮ್ಮನ ಊರಿನವನೇ. ಪಿಲ್ಲಗುಂಪೆಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಮದುವೆಯಾಗಿ ಮಗು ಇರುವ ಸಂಸಾರಸ್ಥ. ಅಲ್ಲಿ ತಾಮ್ರದ ತಂತಿಯ ಸುರುಳಿಗಳು ಕಾಣೆಯಾದಾಗ, ಕಡೆಯ ಪಾಳಿಯಲ್ಲಿದ್ದವನು ಎಂದು ಅವನನ್ನು ಮನೆಯಿಂದಲೇ ಕರೆತಂದಿದ್ದರು. ಮಾರನೆಯ ದಿನವೇ ಕದ್ದವರು ಬೇರೆಯವರೆಂದು ಗೊತ್ತಾಯಿತು. ತಾಮ್ರ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಗಂಗಲಕ್ಷ್ಮಮ್ಮನಿಗೆ ಊಟ ಸೇರಿರಲಿಲ್ಲ.

ಜೀಪಿನಲ್ಲಿ ಬೈರೇಶ್ ತಲೆ ತಗ್ಗಿಸಿ ಕೂತಿದ್ದಾನೆ. “ತಲೆ ಎತ್ತಪ್ಪಾ” ಎಂದು ಹಿಂದಿನಿಂದ ಗಂಗಲಕ್ಷ್ಮಮ್ಮ ಹೇಳುತ್ತಾರೆ. “ಗಾಜು ಇಳ್ಸು. ನಿನ್ ಮುಖ ಕಾಣ್ಬೇಕು.” ಡೇರಿಯ ಮುಂದೆ ಜೀಪು ನಿಲ್ಲುತ್ತದೆ. ಇವರು ಇಳಿದು ಹಾಲಿನ ವಿಚಾರ ಮುಗಿಸುವಷ್ಟರಲ್ಲಿ ಪ್ರಮೋದಾ ಮುಂದಿನ ಬಾಗಿಲು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ: “ಬೈರೇಶ್ ಅವ್ರನ್ನ ವಿಚಾರಣೆಗೆ ಕರ್ದಿದ್ವಿ. ಅವ್ರದ್ದು ಏನೂ ತಪ್ಪಿಲ್ಲ. ಯಾರಿಗಾದ್ರೂ ಅನುಮಾನ ಇದ್ರೆ ನನ್ನೇ ಕೇಳಿ.” ಸಾಲಿನಲ್ಲಿದ್ದ ಪಾಪಮ್ಮ ಎಂಬ ಹಿರಿಯರು, “ಬಾರೋ ಬೈರಾ, ನಿನ್ ಹೆಂಡ್ತಿ ನಿನ್ನೆಯಿಂದ ಒಲೆ ಹಚ್ಚಿಲ್ಲ” ಎನ್ನುತ್ತಾರೆ. ಅಲ್ಲಿಗೆ ಸಾಲು ಸಡಿಲವಾಗುತ್ತದೆ. ಪೊಲೀಸರು ಅವನ ಮನೆಗೆ ಹೋಗಿ ಹೆಂಡತಿ ಮೋನಿಷಾ ಕೊಟ್ಟ ನೀರು ಕುಡಿಯುತ್ತಾರೆ. ನೀರು ಕುಡಿಯದೆ ಎದ್ದು ಬರುವ ಹಾಗಿಲ್ಲ, ಅದೂ ಗಂಗಲಕ್ಷ್ಮಮ್ಮನದೇ ಕಟ್ಟಪ್ಪಣೆ.

ಠಾಣೆಗೆ ಬರುವವರು ಈಗ ಹೆಚ್ಚಾಗಿದ್ದಾರೆಯೇ ಎಂದರೆ ಪ್ರಮೋದಾ ಹೌದೆನ್ನುತ್ತಾರೆ. “ಮೊದ್ಲು ಊರಲ್ಲಿ ಏನಾದ್ರೂ ನಮ್ಗೆ ಗೊತ್ತಾಗ್ತಿದ್ದಿದ್ದು ಆಸ್ಪತ್ರೆಯಿಂದ. ಈಗ ಹೆಂಗಸ್ರು ಫೋನ್ ಮಾಡ್ತಾರೆ. ಮಾಡಿ, ಮೊದ್ಲು ಗಂಗಮ್ಮ ಇದಾರಾ ಅಂತ ಕೇಳ್ತಾರೆ.” ಇದನ್ನು ಹೇಳುವಾಗ ಅವರಿಗೆ ಬೇಸರವೇನೂ ಇಲ್ಲ. ಸುನಿಲ್‌ಕುಮಾರ್ ಕೂಡ ಈಗ ಜೀಪಿನಲ್ಲಿ ಹೋಗುತ್ತಾರೆ. ಅವರು ನೀರಿನ ಬದಲು ಮಜ್ಜಿಗೆ ಕೇಳಿ ಕುಡಿಯುತ್ತಾರೆ.

ಹಾಗೆಂದು ಜೀಪು ಎಲ್ಲವನ್ನೂ ಸರಿಮಾಡುವುದಿಲ್ಲ. ಒಂದು ವಾರದ ಮೇಲೆ ಬೈರೇಶ್ ಠಾಣೆಯ ಗೇಟಿಗೆ ಬಂದು ಗಂಗಲಕ್ಷ್ಮಮ್ಮನನ್ನೇ ಕರೆಸಿ ಹೇಳಿದ. ಊರಿನಲ್ಲಿ ಯಾರೂ ಏನೂ ಅನ್ನುತ್ತಿಲ್ಲ, ಆದರೆ ಗೋದಾಮಿನ ಕಂಟ್ರಾಕ್ಟರು ಕೆಲಸಕ್ಕೆ ಬೇಡ ಎಂದಿದ್ದಾನೆ. ಅಶೋಕ್ ಫೋನು ಮಾಡಿ ಹೇಳಿದರೂ ಆತ “ನೋಡೋಣ ಸಾರ್” ಎಂದ. ನೋಡೋಣ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಎಲ್ಲರೆದುರು ನಿಲ್ಲಿಸಿ ಹೇಳಲು ಕಂಟ್ರಾಕ್ಟರು ಇರುವ ಕಡೆ ಹಾಲಿನ ಡೇರಿ ಇಲ್ಲ. ಆ ದಿನ ಗಂಗಲಕ್ಷ್ಮಮ್ಮನಿಗೆ ತಾನು ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎನ್ನಿಸಿತು. ಬೈರೇಶ್ ಹೋದ ಮೇಲೆ ಹೊಂಗೆ ಮರದ ಕೆಳಗೆ ಕೂತು ಅತ್ತರು. ಅತ್ತದ್ದು ಅವನೊಬ್ಬನಿಗಾಗಿ ಅಲ್ಲ ಎಂದು ಅವರೇ ಹೇಳುತ್ತಾರೆ.

ತಮ್ಮನನ್ನು ಹೀಗೆಯೇ ಕರೆತರುವ ಮಾತೂ ಒಮ್ಮೆ ಬಂದಿತ್ತು. “ಮಾಲೂರಿಗೆ ನಾನೇ ಬರ್ತೀನಿ ಗಂಗಮ್ಮ. ಆಗಿನವರು ಮಾಡ್ದೇ ಬಿಟ್ಟಿದ್ದನ್ನ ಈಗ ನಾವು ಮಾಡೋಣ” ಎಂದು ಅಶೋಕ್ ತಾವಾಗಿ ಹೇಳಿದ್ದರು. ಆಸೆಯಿಂದ ಗಂಗಲಕ್ಷ್ಮಮ್ಮ ಫೋನು ಮಾಡಿದರು. ನರಸಿಂಹಯ್ಯ ಕೋಪಿಸಿಕೊಳ್ಳಲಿಲ್ಲ, ಅದೇ ಅವರಿಗೆ ಹೆಚ್ಚು ನೋವಾಗಿದ್ದು. “ಅಕ್ಕಯ್ಯ, ಆಗ ನಂಗೆ ಇಪ್ಪತ್ತೇಳು ವರ್ಷ. ಆ ವಯಸ್ಸನ್ನ ಯಾವ್ ಜೀಪಲ್ಲಿ ತಂದ್ಕೊಡ್ತಾರೆ, ನಿಮ್ ಸಾಹೇಬ್ರನ್ನ ಕೇಳು” ಎಂದು ಮೆಲ್ಲಗೆ ಹೇಳಿ ಫೋನಿಟ್ಟ. ಇವರು ಸಾಹೇಬರನ್ನು ಕೇಳಲಿಲ್ಲ. ಕೇಳಿದರೆ ಅವರಾದರೂ ಏನು ಹೇಳಿಯಾರು?

ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ, ದೊಡ್ಡಮುನಿಯಪ್ಪ ತೋಟದಿಂದ ತಂದ ಸೊಪ್ಪು ಬಿಡಿಸುತ್ತಾ ಕೂತಿರುತ್ತಾರೆ. ಮಾತು ಕಡಿಮೆಯ ಮನುಷ್ಯ. ಭಾವಮೈದುನನ ವಿಚಾರ ಬಂದರೆ ಮಾತ್ರ, “ಇವ್ಳು ಠಾಣೆ ಗುಡ್ಸೋದು ಸಂಬ್ಳಕ್ಕಲ್ಲ, ಅವನ್ ದಾರಿ ಗುಡಿಸ್ತಾವ್ಳೆ” ಎನ್ನುತ್ತಾರೆ. ಗಂಗಲಕ್ಷ್ಮಮ್ಮ ಅದನ್ನು ಒಪ್ಪುವುದಿಲ್ಲ. ಸಂಬಳ ಬೇಡವೇ, ಬೇಕು ಎನ್ನುತ್ತಾರೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಯಾರೋ ಬೈಕು ನಿಲ್ಲಿಸಿದ ಸದ್ದಾದರೆ ಬಾಗಿಲ ಕಡೆ ನೋಡುವವರೂ ಅವರೇ.

ಕಳೆದ ಭಾನುವಾರ ಫೋನು ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಸುಮ್ಮನೆ ಫೋನು ಮಾಡುವವನಲ್ಲ ನರಸಿಂಹಯ್ಯ. ಈ ಕಡೆಯ ಗಿರಾಕಿಯೊಬ್ಬ ಮೋಟರು ತಂದವನು, ಬೈರೇಶನನ್ನು ಜೀಪಿನಲ್ಲಿ ತಂದು ಬಿಟ್ಟ ಕಥೆಯನ್ನೂ ಆಮೇಲೆ ಕೆಲಸ ಹೋದ ಕಥೆಯನ್ನೂ ಅವನ ಅಂಗಡಿಯಲ್ಲಿ ಹೇಳಿದ್ದಾನೆ. ಕೇಳಿದವನು ಮೂರನೆಯ ದಿನ ಅಕ್ಕನಿಗೆ ಫೋನು ಮಾಡಿದ್ದಾನೆ. ಅಂದಿನ ಮಾತನ್ನು ಗಂಗಲಕ್ಷ್ಮಮ್ಮ ಪೊರಕೆಯ ಕಡ್ಡಿ ಸರಿಮಾಡುತ್ತಾ ನಿಧಾನವಾಗಿ ಹೇಳುತ್ತಾರೆ.

“‘ಆ ಬೈರೇಶ್ ಅನ್ನೋನನ್ನ ನನ್ ಹತ್ರ ಕಳ್ಸು ಅಕ್ಕಯ್ಯ, ಕೆಲ್ಸ ಕಲಿಸ್ತೀನಿ’ ಅಂದ. ‘ನಮ್ ಕಸುಬಲ್ಲಿ ತಾಮ್ರ ಮುಟ್ಟೇ ಬದುಕ್ಬೇಕು, ಹೆದರ್ಕೊಂಡು ಬಿಟ್ಬಿಡಬಾರ್ದು ಅಂತ ಹೇಳು’ ಅಂದ.”

ಅದಕ್ಕೆ ನೀವೇನಂದಿರಿ ಎಂದರೆ ಅವರು ಪೊರಕೆಯನ್ನು ಮರಕ್ಕೆ ಆನಿಸಿ ಇಡುತ್ತಾರೆ.

“ಕಳ್ಸಲ್ಲ ಅಂದೆ. ಬೇಕಾದ್ರೆ ನೀನೇ ಬಂದು, ಊರೊಳಗೆ ನಡ್ಕೊಂಡು ಹೋಗಿ, ಅವನ್ ಮನೆ ಬಾಗ್ಲಿಂದ ಕರ್ಕೊಂಡು ಹೋಗು ಅಂದೆ. ಫೋನ್ ಇಟ್ನೇನೋ ಅಂದ್ಕೊಂಡೆ. ಆಮೇಲೆ ಕೇಳ್ದ, ‘ಬಸ್ಸು ಈಗ ನಮ್ಮೂರ ಒಳಗೇ ಬರ್ತದಾ, ಇಲ್ಲಾ ಆಗಿನ ಹಂಗೆ ಕ್ರಾಸಲ್ಲೇ ಇಳೀಬೇಕಾ?’ ಅಂತ.”

ಬಸ್ಸು ಊರೊಳಗೆ ಬರುವುದಿಲ್ಲ. ಈಗಲೂ ಕ್ರಾಸಿನಲ್ಲೇ ನಿಲ್ಲುತ್ತದೆ, ಮುಚ್ಚಿದ ಅವನ ಅಂಗಡಿಯ ಎದುರಿಗೇ.

“ಒಳಗೇ ಬರ್ತದೆ ಕಣೋ, ಬಾ ಅಂದ್ಬಿಟ್ಟೆ” ಎನ್ನುತ್ತಾರೆ ಗಂಗಲಕ್ಷ್ಮಮ್ಮ. “ಬರೋ ದಿನ ಹೇಳಿದ್ರೆ ಸಾಕು. ಬೆಳಿಗ್ಗೆಯಿಂದಲೇ ಹೋಗಿ ಕ್ರಾಸಲ್ಲಿ ನಿಂತ್ಕೋತೀನಿ.”